ಕೂಲಿಯೋ ಕೊಡುಗೆಯೋ

ನಮ್ಮಲ್ಲಿ ಹಿರಿಯರೊಬ್ಬರನ್ನು ಮನಸಾರೆ ಹೊಗಳಬೇಕಾದಾಗ 'ಅವರು ನೇಮನಿಷ್ಠೆಯುಳ್ಳವರು' ಎನ್ನುವೆವು. ಹೊತ್ತಿಗೆ ಸರಿಯಾಗಿ ಏಳುವುದು, ಮಿಂದು ಮಡಿಯುಡುವುದು, ಸಂಧ್ಯೆಯನ್ನು ಬಿಡದಿರುವುದು, ಏಕಾದಶಿಯ ಉಪವಾಸ, ಕೊಟ್ಟ ಮಾತಿಗೆ ತಪ್ಪದ ನಡೆ, ಇವೆಲ್ಲವೂ ಆ ಒಂದು ಮಾತಿನಲ್ಲಿ ಅಡಗಿರುವುವು. ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಬಿರುದು ಮತ್ತೊಂದು ತೋರದು. ಹೀಗಿರುವಲ್ಲಿ ಕನ್ನಡ ಬೈಬಲ್ಲನ್ನು ಮೊದಲ ಸಲ ಕ್ರಮವಾಗಿ ಓದಿದಾಗ, ಪೌಲನ ಪತ್ರಗಳಲ್ಲಿ ಇದೇ ಪದವು ನನ್ನನ್ನು ತಡೆದು ನಿಲ್ಲಿಸಿತು. ಮನುಷ್ಯನು ದೇವರ ಮುಂದೆ ನೀತಿವಂತನೆನಿಸಿಕೊಳ್ಳುವುದು ನೇಮನಿಷ್ಠೆಗಳಿಂದಲ್ಲ, ಕ್ರಿಸ್ತನಲ್ಲಿಡುವ ನಂಬಿಕೆಯಿಂದ ಎಂಬುದು ಆ ಪತ್ರಗಳ ಸಾರವು. ಭಾಷಾಂತರಕಾರರು ಅಲ್ಲಿ ಯಾವುದಾದರೊಂದು ಒಣ ಪದವನ್ನು ಇಟ್ಟಿದ್ದರೆ ನಾನು ಪುಟವನ್ನು ತಿರುವಿಬಿಡುತ್ತಿದ್ದೆನೋ ಏನೋ. ನಾವು ಗೌರವದಿಂದ ಆಡುವ ಮಾತನ್ನೇ ಆರಿಸಿ, 'ಇದರಿಂದ ಆಗದು' ಎಂದು ಹೇಳಿದ್ದರಿಂದ ಆ ಪ್ರಶ್ನೆಯು ನನ್ನ ಮನೆಯ ಪ್ರಶ್ನೆಯಾಯಿತು.

ಇಲ್ಲಿ ಮತಖಂಡನೆಯಾಗಲಿ ಮತಪ್ರಚಾರವಾಗಲಿ ನನ್ನ ಉದ್ದೇಶವಲ್ಲ. ಪೂರ್ವಪಕ್ಷವನ್ನು ಹೇಳುವಾಗ ಆ ಪಕ್ಷದವನೇ ತಲೆದೂಗಿ 'ಹೌದು, ನನ್ನ ಮಾತು ಇದೇ' ಎನ್ನುವಂತೆ ಹೇಳಬೇಕೆಂಬುದು ನಮ್ಮ ಗುರುಗಳು ಕಲಿಸಿದ ಶಿಸ್ತು. ಆ ಶಿಸ್ತಿನಿಂದ, ಕ್ರೈಸ್ತರು 'ಕೃಪೆ' ಎಂದು ಕರೆಯುವುದು ಏನು, ಅದು ನೇಮನಿಷ್ಠೆಗೆ ನಿಜವಾಗಿ ಶತ್ರುವೇ ಎಂಬುದನ್ನು ವಾಚಕರ ಮುಂದಿಡಲು ಯತ್ನಿಸುವೆನು.

ಈ ಮಾತನ್ನು ಹೇಳಿದ ಪೌಲನು ನೇಮಗಳನ್ನು ಪಾಲಿಸಲಾರದೆ ಬೇಸತ್ತವನಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ಅವನು ಕಿಲಿಕ್ಯ ಸೀಮೆಯ ತಾರ್ಸ ಪಟ್ಟಣದ ಯೆಹೂದ್ಯನು, ಫರಿಸಾಯನು. ಗಮಲಿಯೇಲನೆಂಬ ಪ್ರಸಿದ್ಧ ಗುರುವಿನ ಪಾದಗಳ ಬಳಿ ಕುಳಿತು ಧರ್ಮಶಾಸ್ತ್ರವನ್ನು ಕಲಿತವನೆಂದು ಅಪೊಸ್ತಲರ ಕೃತ್ಯಗಳಲ್ಲಿ ಹೇಳಿದೆ. ಶಾಸ್ತ್ರದ ವಿಷಯದಲ್ಲಿ ತನ್ನ ಮೇಲೆ ಯಾರೂ ತಪ್ಪು ಹೊರಿಸುವಂತಿರಲಿಲ್ಲವೆಂದು ಅವನೇ ಬರೆದುಕೊಂಡಿರುವನು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅವನು ಘನಪಾಠಿಗಳ ಸಾಲಿನವನು. ನೇಮಗಳನ್ನು ಅರಿಯದವನು ನೇಮಗಳನ್ನು ಹಳಿದರೆ ನಾವು ನಕ್ಕು ಸುಮ್ಮನಾಗಬಹುದು. ಅವುಗಳಲ್ಲಿ ಪಳಗಿದವನು ಹೇಳುವಾಗ ಕಿವಿಗೊಡಬೇಕಾಗುವುದು.

ವಿವಾದವು ಹುಟ್ಟಿದ್ದು ತತ್ತ್ವದ ಪೀಠದಲ್ಲಲ್ಲ; ಊಟದ ಪಂಕ್ತಿಯಲ್ಲಿ. ಯೇಸುವಿನ ಮರಣದಿಂದ ಸುಮಾರು ಇಪ್ಪತ್ತು ವರ್ಷಗಳ ಒಳಗಾಗಿ, ಯೆಹೂದ್ಯರಲ್ಲದ ಎಷ್ಟೋ ಜನ ಆತನನ್ನು ನಂಬಿ ಸಭೆಗೆ ಸೇರಿದ್ದರು. ಇವರು ಸುನ್ನತಿ ಮಾಡಿಸಿಕೊಂಡು, ಆಹಾರದ ಶುದ್ಧಾಶುದ್ಧಗಳನ್ನು ಪಾಲಿಸಿ, ಮೊದಲು ಯೆಹೂದ್ಯರಾಗಬೇಕೋ, ಇಲ್ಲವೇ ಇದ್ದಂತೆಯೇ ಅಂಗೀಕೃತರೋ ಎಂಬುದು ಪ್ರಶ್ನೆ. ಸುಮಾರು ಕ್ರಿ. ಶ. 49ರಲ್ಲಿ ಯೆರೂಸಲೇಮಿನಲ್ಲಿ ಹಿರಿಯರು ಕೂಡಿ ಇದನ್ನು ಚರ್ಚಿಸಿದರು. ಸಿರಿಯದ ಅಂತಿಯೋಕ್ಯದಲ್ಲಿ ಯೇಸುವಿನ ಹಿರಿಯ ಶಿಷ್ಯನಾದ ಪೇತ್ರನು ಅನ್ಯಜನರೊಡನೆ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಿದ್ದನು. ಯೆರೂಸಲೇಮಿನ ಕಡೆಯಿಂದ ಕೆಲವರು ಬಂದೊಡನೆ, ಅವರಿಗೆ ಅಂಜಿ, ಮೆಲ್ಲನೆ ಪಂಕ್ತಿಯಿಂದ ಹಿಂಜರಿದನು. ಅವನನ್ನು ನೋಡಿ ಮಿಕ್ಕವರೂ ಹಿಂಜರಿದರು. ಪೌಲನು ಎಲ್ಲರ ಎದುರಿನಲ್ಲಿ ಪೇತ್ರನನ್ನು ಮುಖಾಮುಖಿಯಾಗಿ ಆಕ್ಷೇಪಿಸಿದನು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಈ ಸಂಗತಿಯನ್ನು ಹೇಳಿ, ಅದರ ಬೆನ್ನಿಗೇ ನೇಮನಿಷ್ಠೆಯ ಮಾತನ್ನು ಎತ್ತುವನು. ಪಂಕ್ತಿಭೇದವನ್ನು ಕಂಡು ಬೆಳೆದ ನಮ್ಮ ಕಡೆಯ ವಾಚಕರಿಗೆ ಈ ಘಟನೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನೇಮವು ಮನುಷ್ಯನನ್ನು ದೇವರ ಕಡೆಗೆ ಏರಿಸುವ ಮೆಟ್ಟಿಲೆಂದು ಎಣಿಸಿದಲ್ಲಿ, ಕೆಳಗಿನ ಮೆಟ್ಟಿಲಿನವನೊಡನೆ ಕುಳಿತು ಉಣ್ಣುವುದು ಕಷ್ಟ. ಎಲ್ಲರೂ ಕರೆಯಿಸಿಕೊಂಡು ಬಂದ ಅತಿಥಿಗಳೇ ಆದಲ್ಲಿ ಮಾತ್ರ ಪಂಕ್ತಿಯು ಒಂದಾಗುವುದು. ಪೌಲನ ಸಿಟ್ಟಿನ ಮೂಲ ಇಲ್ಲಿದೆ.

ಅವನ ತರ್ಕವು ಸರಳವಾದದ್ದು. ದುಡಿದವನಿಗೆ ಕೊಡುವುದು ಕೂಲಿ. ಅದು ಸಲ್ಲಬೇಕಾದ ಋಣ. ದುಡಿಯದವನಿಗೆ ಪ್ರೀತಿಯಿಂದ ಕೊಡುವುದು ಕೊಡುಗೆ. ಒಂದೇ ವಸ್ತುವು ಒಂದೇ ಕಾಲದಲ್ಲಿ ಎರಡೂ ಆಗಲಾರದು. ದೇವರ ಅಂಗೀಕಾರವು ನಾವು ಗಳಿಸಿದ್ದಾದರೆ ದೇವರು ನಮಗೆ ಸಾಲಗಾರನಾಗುವನು; ಕೊಟ್ಟದ್ದಾದರೆ ನಾವು ಆತನಿಗೆ ಉಪಕೃತರು.

ನಲವತ್ತಕ್ಕೆ ಸಮೀಪ ವರ್ಷ ಉಪಾಧ್ಯಾಯನಾಗಿದ್ದ ನನಗೆ ಇದನ್ನು ತಿಳಿಯಲು ಒಂದು ಪದವು ಅಡ್ಡಿಯಾಗಿಯೂ ಸಹಾಯವಾಗಿಯೂ ಬಂದಿತು. ಆ ಪದ 'ಕೃಪಾಂಕ'. ತೇರ್ಗಡೆಯಾಗಲು ಮೂರೋ ನಾಲ್ಕೋ ಅಂಕಗಳು ಕಡಮೆಯಾದ ಹುಡುಗನಿಗೆ ಮೇಲಿನಿಂದ ಕೊಟ್ಟು ದಾಟಿಸುವ ಏರ್ಪಾಡನ್ನು ಎಲ್ಲರೂ ಬಲ್ಲರು. ಕೃಪೆಯೆಂದರೆ ಇಂಥದೇ ಇರಬೇಕೆಂದು ಸಾಮಾನ್ಯವಾಗಿ ತೋರುವುದು: ನಮ್ಮ ಪ್ರಯತ್ನವು ಮುಕ್ಕಾಲು, ದೇವರ ಕೈ ಕಾಲು. ಪೌಲನು ಹೇಳುವುದು ಇದಲ್ಲ. ಕೃಪಾಂಕಕ್ಕೂ ಒಂದು ಅರ್ಹತೆಯುಂಟು. ಸೊನ್ನೆ ಬಂದವನಿಗೆ ಅದು ಸಿಗದು. ಪೌಲನ ಕೃಪೆಯಾದರೋ ಉತ್ತರಪತ್ರಿಕೆಯನ್ನು ತೂಗಿ ನೋಡಿದ ಮೇಲೆ ಬರುವುದಲ್ಲ. ಮೂವತ್ತೆರಡು ಬಂದವನೂ ಸೊನ್ನೆ ಬಂದವನೂ, ಇನ್ನೂ ಹೇಳುವುದಾದರೆ ತೊಂಬತ್ತು ಬಂದವನೂ, ಅದರ ಮುಂದೆ ಒಂದೇ ಬಗೆಯಲ್ಲಿ ಬರಿಗೈಯವರು. ಕೊನೆಯ ಮಾತೇ ನುಂಗಲು ಕಷ್ಟವಾದದ್ದು. ಸೊನ್ನೆಯವನಿಗೆ ಕೃಪೆ ಬೇಕೆಂದರೆ ಯಾರೂ ಬೇಡವೆನ್ನರು. ತೊಂಬತ್ತರವನಿಗೂ ಅದೇ ಬೇಕೆಂದಾಗ ಅವನ ಮುಖವು ಕೆಂಪೇರುವುದು.

ಯೇಸುವು ಹೇಳಿದ ದ್ರಾಕ್ಷೇತೋಟದ ಕಥೆಯು ಮತ್ತಾಯನ ಸುವಾರ್ತೆಯಲ್ಲಿ ಬರುವುದು. ಯಜಮಾನನು ಬೆಳಗಾಗುತ್ತಲೇ ಹೋಗಿ ದಿನಕ್ಕೆ ಒಂದು ನಾಣ್ಯವೆಂದು ಗೊತ್ತುಮಾಡಿ ಆಳುಗಳನ್ನು ಕರೆತಂದನು. ಆಮೇಲೆಯೂ ಆಗಾಗ ಪೇಟೆಗೆ ಹೋಗಿ, ಸುಮ್ಮನೆ ನಿಂತಿದ್ದವರನ್ನು ಕರೆದನು. ಕೊನೆಯವರು ಬಂದಾಗ ಸಂಜೆಗೆ ಒಂದೇ ಗಂಟೆ ಉಳಿದಿತ್ತು. ಕೂಲಿ ಕೊಡುವಾಗ ಕೊನೆಯವರಿಂದ ಮೊದಲ್ಗೊಂಡು ಎಲ್ಲರಿಗೂ ಒಂದೊಂದು ನಾಣ್ಯ! ಇಡೀ ದಿನ ಬಿಸಿಲಿನಲ್ಲಿ ಬೆಂದವರು ಗೊಣಗಿದರು. ಗೊತ್ತುಮಾಡಿದ್ದಕ್ಕಿಂತ ಅವರಿಗೇನೂ ಕಡಮೆಯಾಗಿರಲಿಲ್ಲ, ಆದರೂ ನೊಂದರು. ಶಾಲೆಯಲ್ಲಿ ಹೀಗೆ ಮಾಡಿದರೆ ಆ ಶಾಲೆಯು ಒಂದು ವರ್ಷವೂ ನಡೆಯದೆಂದು ನನ್ನ ಉಪಾಧ್ಯಾಯಬುದ್ಧಿಯು ಹೇಳುವುದು. ಅದು ಹೇಳುವುದು ಸರಿಯೂ ಹೌದು. ಈ ಕಥೆಯು ಶಾಲೆಯ ನಡಾವಳಿಯಲ್ಲ, ತಾಯಿಯ ಮನೆಯ ನಡಾವಳಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುವೆನು. ತಡವಾಗಿ ಬಂದ ಮಗುವಿಗೆ ತಾಯಿಯು ಕಾಲು ರೊಟ್ಟಿಯನ್ನು ಅಳೆದು ಕೊಡುವಳೇ? ಹೊಟ್ಟೆಯನ್ನು ನೋಡುವಳು, ಹೊತ್ತನ್ನಲ್ಲ. ಇಷ್ಟಾದರೂ ಗೊಣಗಿದವರ ಮೇಲಣ ನನ್ನ ಕನಿಕರವು ಇಂದಿಗೂ ಪೂರ್ತಿಯಾಗಿ ಹೋಗಿಲ್ಲವೆಂಬುದನ್ನು ಮರೆಮಾಚಲಾರೆನು.

ಪೌಲನಿಗೂ ನಮಗೂ ನಡುವೆ ಈ ಪ್ರಶ್ನೆಯನ್ನು ಮೈಯೆಲ್ಲಾ ಹೊತ್ತಿಸಿಕೊಂಡವನು ಜರ್ಮನಿಯ ಮಾರ್ಟಿನ್ ಲೂಥರನು. 1483ರಲ್ಲಿ ಹುಟ್ಟಿದ ಇವನು 1505ರಲ್ಲಿ ಎರ್ಫರ್ಟಿನ ಮಠವನ್ನು ಸೇರಿ ಸನ್ಯಾಸಿಯಾದನು. ಉಪವಾಸ, ಜಾಗರಣೆ, ಪ್ರಾರ್ಥನೆಗಳಲ್ಲಿ ಯಾರಿಗೂ ಹಿಂದಾಗದವನು. ಪಾಪನಿವೇದನೆಗೆಂದು ಗುರುವಿನ ಬಳಿ ಗಂಟೆಗಟ್ಟಲೆ ಕುಳಿತು, ಎದ್ದುಹೋದ ಮೇಲೆ ಮತ್ತೊಂದು ದೋಷವು ನೆನಪಾಗಿ ಕಳವಳಿಸುವನು. ನೇಮವು ಹೆಚ್ಚಿದಷ್ಟೂ ಶಾಂತಿಯು ದೂರವಾಯಿತು. ಮಾಡಿದ ಪ್ರಾಯಶ್ಚಿತ್ತವು ಸಾಲುವಷ್ಟಾಯಿತೆಂದು ಹೇಳುವವರು ಯಾರು?

ಅವನ ಬಿಡುಗಡೆಯು ಒಂದು ವ್ಯಾಕರಣದ ಸಂದೇಹದಿಂದ ಬಂದಿತೆಂಬುದು ನನ್ನಂಥ ಪಂಡಿತರಿಗೆ ರೋಮಾಂಚನವಾಗುವ ಸಂಗತಿ. ರೋಮಾಪುರದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ 'ದೇವರ ನೀತಿ' ಎಂಬ ಮಾತು ಬರುವುದು. ಇಲ್ಲಿ ಷಷ್ಠೀ ವಿಭಕ್ತಿಯ ಅರ್ಥವೇನು? ದೇವರಲ್ಲಿರುವ, ಆತನು ಪಾಪಿಯನ್ನು ತೂಗಿ ದಂಡಿಸುವ ನೀತಿಯೇ? ಹಾಗೆಂದೇ ತಿಳಿದು ಲೂಥರನು ಆ ಮಾತನ್ನು ದ್ವೇಷಿಸುತ್ತಿದ್ದನು. ಹಗಲಿರುಳು ಅದನ್ನೇ ಚಿಂತಿಸಿ, ಕಡೆಗೆ ಅದು ದೇವರು ಮನುಷ್ಯನಿಗೆ ಕೊಡುವ ನೀತಿಯೆಂದು, ನಂಬಿಕೆಯಿಂದ ಸ್ವೀಕರಿಸತಕ್ಕದ್ದೆಂದು ಕಂಡುಕೊಂಡನು. ಸ್ವರ್ಗದ ಬಾಗಿಲು ತೆರೆದಂತಾಯಿತೆಂದು 1545ರಲ್ಲಿ, ಸಾಯುವ ಹಿಂದಿನ ವರ್ಷ, ಬರೆದಿಟ್ಟನು. 'ರಾಜನ ಉಡುಗೊರೆ' ಎಂದಾಗ ರಾಜನ ಬಳಿ ಇರುವ ಉಡುಗೊರೆಯೋ ರಾಜನಿಂದ ಬಂದ ಉಡುಗೊರೆಯೋ ಎಂದು ಹುಡುಗರನ್ನು ಕೇಳುತ್ತಿದ್ದೆವಲ್ಲವೆ? ಅಷ್ಟೇ ಭೇದ, ಆದರೆ ಯೂರೋಪಿನ ಚರಿತ್ರೆಯು ಅದರಿಂದ ಹೊರಳಿತು.

ಆಗ ರೋಮಿನ ಸಂತ ಪೇತ್ರನ ದೇವಾಲಯದ ಕಟ್ಟಡಕ್ಕೆಂದು ಪಾಪದಂಡನೆಯ ಕ್ಷಮಾಪತ್ರಗಳನ್ನು ಹಣಕ್ಕೆ ಮಾರುತ್ತಿದ್ದರು. ಅದನ್ನು ಪ್ರಶ್ನಿಸಿ ಲೂಥರನು 1517ರ ಅಕ್ಟೋಬರ್ 31ರಂದು ವಿಟೆನ್‌ಬರ್ಗಿನಿಂದ ತನ್ನ 95 ವಾಕ್ಯಗಳನ್ನು ಹೊರಡಿಸಿದನು. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ, ಮೂಲದ ಗ್ರೀಕಿನಲ್ಲಿಲ್ಲದ 'ಮಾತ್ರ' ಎಂಬರ್ಥದ ಪದವನ್ನು ನಂಬಿಕೆಯ ಮಾತಿಗೆ ಸೇರಿಸಿದನೆಂದು ದೊಡ್ಡ ಗದ್ದಲವೆದ್ದಿತು. ತಮ್ಮ ಭಾಷೆಯ ಜಾಯಮಾನವು ಅದನ್ನು ಬೇಡುವುದೆಂದು ಅವನು 1530ರಲ್ಲಿ ಉತ್ತರವಿತ್ತನು. ನಮ್ಮ ಕನ್ನಡದಲ್ಲಾದರೆ ಇಷ್ಟು ಗದ್ದಲಕ್ಕೆ ಅವಧಾರಣೆಯ 'ಏ' ಒಂದೇ ಅಕ್ಷರ ಸಾಕಾಗುತ್ತಿತ್ತು!

ಈ 'ಏ'ಕಾರವನ್ನು ಎಲ್ಲ ಕ್ರೈಸ್ತರೂ ಒಪ್ಪಿದರೆಂದು ತಿಳಿಯಬಾರದು. ಕ್ರಿಯೆಯಿಲ್ಲದ ನಂಬಿಕೆಯು ಸತ್ತದ್ದೆಂದು ಸಾರುವ ಯಾಕೋಬನ ಪತ್ರವೂ ಅದೇ ಗ್ರಂಥದಲ್ಲಿರುವುದು. 1547ರಲ್ಲಿ ಟ್ರೆಂಟಿನಲ್ಲಿ ಕೂಡಿದ ಕಥೋಲಿಕ ಮಹಾಸಭೆಯು ಲೂಥರನ ಪಕ್ಷವನ್ನು ಖಂಡಿಸಿತು. ಆದರೆ ಅದೇ ಸಭೆಯು, ಕೃಪೆಯಿಲ್ಲದೆ ಬರಿಯ ತನ್ನ ಕ್ರಿಯೆಗಳಿಂದಲೇ ಮನುಷ್ಯನು ನೀತಿವಂತನಾಗಬಲ್ಲನೆಂಬ ಪಕ್ಷವನ್ನೂ ತನ್ನ ಮೊದಲ ನಿಯಮದಲ್ಲಿಯೇ ಖಂಡಿಸಿತೆಂಬುದನ್ನು ಹಲವರು ಮರೆಯುವರು. ನಾಲ್ಕೂವರೆ ಶತಮಾನಗಳ ಬಳಿಕ, 1999ರ ಅಕ್ಟೋಬರ್ 31ರಂದು, ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ಕಥೋಲಿಕರೂ ಲೂಥರನ್ನರೂ ಈ ವಿಷಯದಲ್ಲಿ ಮೂಲಭೂತವಾದ ಸಹಮತವಿದೆಯೆಂಬ ಪತ್ರಕ್ಕೆ ಕೂಡಿ ಸಹಿ ಹಾಕಿದರು. ಮನುಷ್ಯನ ಯಾವ ಅರ್ಹತೆಯಿಂದಲೂ ಅಲ್ಲ, ಕೃಪೆಯಿಂದ ದೇವರ ಅಂಗೀಕಾರ. ಸತ್ಕ್ರಿಯೆಯು ಅದರ ಫಲ ಎಂಬುದು ಆ ಸಹಮತದ ತಿರುಳು.

ನಮ್ಮ ಶಾಸ್ತ್ರಗಳನ್ನು ಓದಿದವರಿಗೆ ಇಲ್ಲಿ ಶ್ರೀವೈಷ್ಣವರ ಮಾರ್ಜಾಲಕಿಶೋರ ಮತ್ತು ಮರ್ಕಟಕಿಶೋರ ನ್ಯಾಯಗಳು ನೆನಪಾಗದಿರವು. ಕೋತಿಯ ಮರಿಯು ತಾಯಿಯನ್ನು ತಾನೇ ಬಿಗಿಹಿಡಿದಿರುವುದು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುವುದು. ಜರ್ಮನ್ ವಿದ್ವಾಂಸನಾದ ರುಡಾಲ್ಫ್ ಆಟೋ ಎಂಬವನು 1930ರಲ್ಲಿ ಭಾರತದ ಕೃಪಾಧರ್ಮವನ್ನೂ ಕ್ರೈಸ್ತಧರ್ಮವನ್ನೂ ಹೋಲಿಸಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಹೋಲಿಕೆಯು ನಿಜ, ಆದರೆ ಭೇದವನ್ನು ಅಳಿಸಿ ಎಲ್ಲವೂ ಒಂದೇ ಎಂದುಬಿಡುವುದು ಎರಡು ಪಕ್ಷಗಳಿಗೂ ಅನ್ಯಾಯ. ಪೌಲನಿಗೆ ಕೃಪೆಯೆಂಬುದು ದೇವರ ಗುಣಗಳಲ್ಲಿ ಒಂದು ಮಾತ್ರವಲ್ಲ. ಅದು ನಡೆದ ಒಂದು ಸಂಗತಿ. ಪೊಂತ್ಯ ಪಿಲಾತನು ಯೂದಾಯದ ಅಧಿಪತಿಯಾಗಿದ್ದಾಗ ಯೇಸುವೆಂಬ ಒಬ್ಬನು ಶಿಲುಬೆಯ ಮೇಲೆ ಸತ್ತನು, ಎದ್ದನು. ಕೊಡುಗೆಯು ಅಲ್ಲಿದೆ ಎನ್ನುವನು ಅವನು. ಕೊಡುಗೆಯು ಪಡೆಯುವವನಿಗೆ ಉಚಿತವು, ಕೊಟ್ಟವನಿಗೆ ಅಲ್ಲ. ಇದನ್ನು ಬಿಟ್ಟರೆ ಕ್ರೈಸ್ತರ ಕೃಪೆಯನ್ನು ಅರ್ಥಮಾಡಿಕೊಂಡಂತಾಗದು.

ಇನ್ನು ದೊಡ್ಡ ಆಕ್ಷೇಪಕ್ಕೆ ಬರುವೆನು. ಎಲ್ಲವೂ ಕೊಡುಗೆಯಾದರೆ ನೀತಿಯು ಸಡಿಲವಾಗದೆ? ಈ ಆಕ್ಷೇಪವನ್ನು ಪೌಲನೇ ತನ್ನ ಮೇಲೆ ಹಾಕಿಕೊಂಡು, ಎಂದಿಗೂ ಇಲ್ಲವೆಂದು ತಳ್ಳಿಹಾಕಿರುವನು. ಡೀಟ್ರಿಚ್ ಬಾನ್‌ಹಾಫರ್ ಎಂಬ ಲೂಥರನ್ ಪಾದ್ರಿಯು 1937ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬದುಕನ್ನು ಬದಲಿಸದ ಕೃಪೆಯನ್ನು ಅಗ್ಗದ ಕೃಪೆಯೆಂದು ಕರೆದು ತನ್ನ ಸಭೆಯವರನ್ನೇ ಕಟುವಾಗಿ ಎಚ್ಚರಿಸಿದನು. ಹಿಟ್ಲರನನ್ನು ವಿರೋಧಿಸಿದ್ದಕ್ಕಾಗಿ 1945ರ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಿದರು. ಕೃಪೆಯನ್ನು ನಂಬಿದವನು ಕೈಕಟ್ಟಿ ಕೂರುವನೆಂಬುದಕ್ಕೆ ಆ ಬದುಕು ತಕ್ಕ ಉತ್ತರವಾಗಿದೆ.

ನನಗೆ ಹೆಚ್ಚು ಬೆಳಕನ್ನು ಕೊಟ್ಟದ್ದು ಪೌರ್ವಾಪರ್ಯದ ವಿಚಾರ. ಯೆಹೂದ್ಯರ ಮೂಲಕಥೆಯಲ್ಲಿ ದೇವರು ಮೊದಲು ಅವರನ್ನು ಐಗುಪ್ತದ ದಾಸ್ಯದಿಂದ ಬಿಡಿಸುವನು. ಹತ್ತು ಆಜ್ಞೆಗಳು ಸೀನಾಯಿ ಬೆಟ್ಟದಲ್ಲಿ, ಆಮೇಲೆ ಬರುವುವು. ಆಜ್ಞೆಗಳನ್ನು ಪಾಲಿಸಿ ತೋರಿಸಿರಿ, ಬಳಿಕ ಬಿಡಿಸುವೆನೆಂದು ಆತನು ಹೇಳಲಿಲ್ಲ. ಆದುದರಿಂದ ಯೆಹೂದ್ಯಧರ್ಮವೆಂದರೆ ಬರಿಯ ಪುಣ್ಯದ ಲೆಕ್ಕವೆಂದು ಕ್ರೈಸ್ತರು ಬಹುಕಾಲ ಆಡುತ್ತ ಬಂದ ಮಾತು ನ್ಯಾಯವಾದದ್ದಲ್ಲ, 1977ರಲ್ಲಿ ಇ. ಪಿ. ಸ್ಯಾಂಡರ್ಸ್ ಎಂಬ ಕ್ರೈಸ್ತ ವಿದ್ವಾಂಸನೇ ಪೌಲನನ್ನೂ ಆ ಕಾಲದ ಯೆಹೂದ್ಯಧರ್ಮವನ್ನೂ ಕುರಿತ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ತೋರಿಸಿಕೊಟ್ಟನು. ಪೌಲನ ಪತ್ರಗಳ ರಚನೆಯೂ ಹೀಗೆಯೇ: ರೋಮಾಪುರದವರಿಗೆ ಬರೆದ ಪತ್ರದಲ್ಲಿ ಹನ್ನೊಂದು ಅಧ್ಯಾಯಗಳು ದೇವರು ಮಾಡಿದ್ದನ್ನು ಹೇಳುವುವು, ಹನ್ನೆರಡನೆಯದರಿಂದ ಮನುಷ್ಯನು ಮಾಡತಕ್ಕದ್ದು ಆರಂಭವಾಗುವುದು. ನೇಮವು ಅಳಿಯಲಿಲ್ಲ, ಅದರ ಸ್ಥಾನವು ಬದಲಾಯಿತು. ಬಾಗಿಲಿನ ಸುಂಕವಾಗಿದ್ದುದು ಒಳಗಿನ ಮನೆಗೆಲಸವಾಯಿತು. ಗ್ರೀಕಿನಲ್ಲಿ ಕೃಪೆಗೂ ಕೃತಜ್ಞತೆಗೂ 'ಖಾರಿಸ್' ಎಂಬ ಒಂದೇ ಪದವು ಸಲ್ಲುವುದು. ಮೇಲಿನಿಂದ ಬರುವಾಗ ಕೃಪೆ, ಇಲ್ಲಿಂದ ಹಿಂದಿರುಗುವಾಗ ಕೃತಜ್ಞತೆ.

ನಮ್ಮ ಶಾಲೆಯಲ್ಲಿ ಗಣಿತವನ್ನು ಕಲಿಸುತ್ತಿದ್ದ ಕ್ರೈಸ್ತ ಮಿತ್ರರೊಬ್ಬರು ಇದನ್ನು ಒಂದೇ ಮಾತಿನಲ್ಲಿ ಹೇಳಿದ್ದರು. 'ಮೇಷ್ಟರೇ, ಎಲ್ಲವೂ ಕೃಪೆಯಾದ ಮೇಲೆ ಭಾನುವಾರ ತಪ್ಪದೆ ದೇವಾಲಯಕ್ಕೆ ಹೋಗುವುದೇಕೆ?' ಎಂದು ಕೇಳಿದೆನು. ಅವರು ನಗುತ್ತ, 'ಪಂಡಿತರೇ, ಉಂಡ ಮನೆಗೆ ಮತ್ತೆ ಹೋಗುವುದು ಊಟದ ಬೆಲೆ ಕೊಡಲಿಕ್ಕೆ ಅಲ್ಲವಲ್ಲ' ಎಂದರು. ಅವರಷ್ಟು ನೇರವಾಗಿ ನಡೆದವರನ್ನು ನಾನು ಕಡಮೆ ಕಂಡಿರುವೆನು. ಅವರ ಕೊನೆಯ ಕಾಯಿಲೆಯಲ್ಲಿ ನೋಡಲು ಹೋದಾಗ, ಸಮಾಧಾನ ಹೇಳುವ ಬಗೆಯಲ್ಲಿ, 'ನೀವು ಒಬ್ಬರಿಗೆ ಕೇಡು ಮಾಡಿದವರಲ್ಲ, ನಿಮಗೇನು ಭಯ?' ಎಂದೆನು. ನಮ್ಮಲ್ಲಿ ಎಲ್ಲರೂ ಹೇಳುವ ಮಾತು ಅದು. ಅವರು ತಲೆಯಲ್ಲಾಡಿಸಿ, 'ಆ ಲೆಕ್ಕವನ್ನು ತೆಗೆಯಬೇಡಿ, ಪಂಡಿತರೇ. ನಾನು ಲೆಕ್ಕದ ಮೇಷ್ಟರು, ಕೂಡಿಸಿ ನೋಡಿರುವೆನು. ಅದನ್ನೇ ನಂಬಬೇಕಾಗಿದ್ದರೆ ನಿಜಕ್ಕೂ ಭಯವಾಗುತ್ತಿತ್ತು' ಎಂದರು. ಆಮೇಲೆ ಬಹಳ ಪ್ರಸನ್ನರಾಗಿ ನನ್ನ ಮೊಮ್ಮಕ್ಕಳನ್ನು ವಿಚಾರಿಸಿದರು. ಕೃಪೆಯ ಸಿದ್ಧಾಂತವನ್ನು ಕುರಿತು ನಾನು ಓದಿದ ಯಾವ ಭಾಷ್ಯವೂ ಆ ಪ್ರಸನ್ನತೆಯಷ್ಟು ನನ್ನನ್ನು ಯೋಚನೆಗೆ ಹಚ್ಚಿಲ್ಲ. ಅಂಥವರಿಗೇ ತಮ್ಮ ಲೆಕ್ಕವು ಸಾಲದೆಂದು ಕಂಡರೆ, ಮಿಕ್ಕವರ ಲೆಕ್ಕವೇನು? ಮತ್ತು ಸಾಲದೆಂದು ಕಂಡ ಮೇಲೆಯೂ ಆ ಶಾಂತಿಯು ಎಲ್ಲಿಂದ ಬಂದಿತು?

ನಾನು ನನ್ನ ಸಂಧ್ಯೆಯನ್ನು ಬಿಟ್ಟಿಲ್ಲ. ಬಿಡಬೇಕೆಂದು ತೋರಿಯೂ ಇಲ್ಲ. ಆದರೆ ಅರ್ಘ್ಯವನ್ನು ಎತ್ತುವಾಗ, ಇದು ಜಮೆಗೆ ಹಾಕುವ ಕಾಸೋ, ಪಡೆದುದಕ್ಕೆ ತಲೆಬಾಗುವ ವಂದನೆಯೋ ಎಂದು ಕೆಲವು ದಿನ ನನ್ನನ್ನೇ ಕೇಳಿಕೊಳ್ಳುವೆನು. ಕೈಯ ಕ್ರಿಯೆಯು ಒಂದೇ, ಮನಸ್ಸು ಬೇರೆಯಾಗುವುದು. ನಿತ್ಯಕರ್ಮವನ್ನು ಫಲಕ್ಕಾಗಿ ಮಾಡಬಾರದೆಂದು ಬಾಲ್ಯದಿಂದ ಪಾಠವಾಗಿಯೇ ಇತ್ತು. ಅದರ ಎದೆಬಡಿತವನ್ನು ನಾನು ಕೇಳಿಸಿಕೊಂಡದ್ದು ಪರರ ಗ್ರಂಥದ ದೆಸೆಯಿಂದ.

ಲೂಕನ ಸುವಾರ್ತೆಯಲ್ಲಿ ಹಾಳಾಗಿ ಹಿಂದಿರುಗಿದ ಮಗನ ಕಥೆಯುಂಟು. ಕಿರಿಯವನು ಆಸ್ತಿಯನ್ನು ಕರಗಿಸಿ ಬಂದಾಗ ತಂದೆಯು ಓಡಿಹೋಗಿ ಅಪ್ಪಿಕೊಂಡು ಔತಣವನ್ನು ಮಾಡಿಸಿದನೆಂಬುದನ್ನು ಎಲ್ಲರೂ ಹೇಳುವರು. ಹಿರಿಯ ಮಗನ ಮಾತನ್ನು ಅಷ್ಟಾಗಿ ಯಾರೂ ಎತ್ತುವುದಿಲ್ಲ. ಅವನು ಹೊಲದ ಕೆಲಸ ಮುಗಿಸಿ ಬಂದು, ಒಳಗಿನ ವಾದ್ಯದ ಸದ್ದನ್ನು ಕೇಳಿ, ಸಿಟ್ಟಾಗಿ ಹೊರಗೇ ನಿಂತನು. ಇಷ್ಟು ವರ್ಷ ಆಜ್ಞೆ ಮೀರದೆ ದುಡಿದ ತನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲವೆಂದು ದೂರಿದನು. ಮಗನಾಗಿದ್ದವನು ತನ್ನನ್ನು ಆಳೆಂದು ಎಣಿಸಿಕೊಂಡು ಕೂಲಿಯ ಲೆಕ್ಕವನ್ನು ಕೇಳಿದನು. ನೇಮನಿಷ್ಠೆಯುಳ್ಳ ನಮ್ಮಂಥವರಿಗಾಗಿ ಹೇಳಿದ ಭಾಗವು ಇದೇ ಎಂದು ನನಗೆ ತೋರುವುದು. ತಂದೆಯು ಆ ದಿನ ಎರಡು ಸಲ ಮನೆಯಿಂದ ಹೊರಗೆ ಬಂದನು: ಒಂದು ಸಲ ತಪ್ಪಿ ನಡೆದವನಿಗಾಗಿ, ಒಂದು ಸಲ ತಪ್ಪದೆ ನಡೆದವನಿಗಾಗಿ. ಹಿರಿಯವನನ್ನು ಬೈಯಲಿಲ್ಲ, ತನ್ನದೆಲ್ಲವೂ ಅವನದೇ ಎಂದು ಹೇಳಿ, ಒಳಗೆ ಬರಬೇಕೆಂದು ಬೇಡಿಕೊಂಡನು. ಹಿರಿಯ ಮಗನು ಒಳಗೆ ಹೋದನೋ ಇಲ್ಲವೋ ಎಂಬುದನ್ನು ಲೂಕನು ಬರೆದಿಲ್ಲ.